ಹೆಸರಿಗೆ ಬಾರದ ಬೆಕ್ಕು

ನಮ್ಮೂರಿನಲ್ಲಿ ಸತ್ತವರ ಹೆಸರನ್ನು ಬೆಕ್ಕು ಇಟ್ಟುಕೊಳ್ಳುತ್ತದೆ. ತಿಥಿಯೂಟ ಮುಗಿದ ಸಂಜೆ ಮನೆಯವರು ಹೊಸ್ತಿಲ ಹೊರಗೆ ಒಂದು ಬಟ್ಟಲು ಹಾಲಿಟ್ಟು, ಹೋದವರನ್ನು ಬದುಕಿದ್ದಾಗ ಹೇಗೆ ಕರೆಯುತ್ತಿದ್ದರೋ ಹಾಗೆಯೇ ಕರೆಯುತ್ತಾರೆ. ಯಾವುದೋ ಗೋಡೆ ಇಳಿದು ಒಂದು ಬೆಕ್ಕು ಬರುತ್ತದೆ, ಹಾಲು ಕುಡಿದು ಮೂತಿ ಒರೆಸಿಕೊಳ್ಳುತ್ತದೆ. ಅಂದಿನಿಂದ ಆ ಹೆಸರು ಅದರದು. ಅದು ಆ ಮನೆಯಲ್ಲೇ ಇರಬೇಕೆಂದೇನಿಲ್ಲ. ಕರೆದರೆ ಬರುತ್ತದೆ, ಅಷ್ಟು ಸಾಕು. ಅದರ ಮರಿಗಳಲ್ಲಿ ಒಂದು ಅದೇ ಹೆಸರಿಗೆ ಓಗೊಡುತ್ತದೆ, ಆ ಮರಿಯ ಮರಿಗಳಲ್ಲಿ ಮತ್ತೊಂದು. ಹೀಗಾಗಿ ಯಾರೂ ಮುಖ ನೋಡಿರದ ಮುತ್ತಜ್ಜಂದಿರು ನಮ್ಮಲ್ಲಿ ಇನ್ನೂ ಹೆಂಚಿನ ಮೇಲೆ ಬಿಸಿಲು ಕಾಯಿಸಿಕೊಂಡು ಮಲಗಿರುತ್ತಾರೆ.

ಹೆಸರು ಬೆಳೆದ ಹಾಗೆ ಬೆಕ್ಕುಗಳೂ ಬೆಳೆದವು. ಊರಿಗೆ ಆಗುವಷ್ಟು ಹಾಲಿರಲಿಲ್ಲ. ಕಣ್ಣು ಕೀವುಗಟ್ಟಿದ ಮರಿಗಳು ಚರಂಡಿಯ ಬಳಿ ಕೂತು ಅಳುತ್ತಿದ್ದವು. ಅವುಗಳಲ್ಲಿ ಯಾವುದು ಯಾರ ಚಿಕ್ಕಪ್ಪನೋ ಎಂದು ಜನ ಮುಖ ತಿರುಗಿಸಿಕೊಂಡು ದಾಟುತ್ತಿದ್ದರು. ಆಗ ಬಂದವರು ಇಲಿಯಾಸ್ ಡಾಕ್ಟರು. "ಹೆಸರಲ್ಲೇ ಇಲಿ ಇಟ್ಕೊಂಡು ಬೆಕ್ಕು ಹಿಡಿಯೋಕೆ ಬಂದಿದಾರೆ" ಎಂದು ಊರು ನಕ್ಕಿತು. ಅವರೂ ಸೇರಿಕೊಂಡು ನಕ್ಕರು. ಆಮೇಲೆ ಹಳೆಯ ಸುಂಕದ ಕಟ್ಟೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಬೆಕ್ಕುಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಲು ಶುರು ಮಾಡಿದರು. ಆಪರೇಷನ್ ಆದದ್ದು ಗುರುತು ಸಿಗಲಿ ಎಂದು ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿ, ಹಿಡಿದು ತಂದ ಜಾಗದಲ್ಲೇ ಬಿಡಿಸುತ್ತಿದ್ದರು. ಹಿಡಿದು ತರುವ ಕೆಲಸಕ್ಕೆ ಸಂಬಳವಿರಲಿಲ್ಲ. ಟೈಲರ್ ಜಯಶೀಲಕ್ಕ ತಾನಾಗಿ ಒಪ್ಪಿಕೊಂಡಳು. ಅವಳ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ನಾನೂ ಬೋನಿನ ಇನ್ನೊಂದು ಹಿಡಿ ಹಿಡಿದುಕೊಂಡು ಹಿಂದೆ ಹೊರಟೆ.

ಬೆಕ್ಕು ಹಿಡಿಯುವುದಕ್ಕಿಂತ ಮನೆಯವರನ್ನು ಒಪ್ಪಿಸುವುದೇ ಕಷ್ಟ. ನಮ್ಮೂರ ಬೆಕ್ಕುಗಳು ಒಣಮೀನಿನ ಆಸೆಗೆ ಬೋನು ಹೊಗುವುದು ಅಪರೂಪ. ಮನೆಯವರೇ ಬೋನಿನ ಹಿಂದೆ ಕೂತು ಹೆಸರು ಹಿಡಿದು ಕರೆಯಬೇಕು.

"ನಮ್ಮ ಮಾವನಿಗಾ? ಆಪರೇಷನ್ನಾ?" ಎಂದು ಶೇಷಪ್ಪನವರ ಸೊಸೆ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದರು. "ಬದುಕಿದ್ದಾಗ ಒಂದು ಹಲ್ಲು ಕೀಳಿಸ್ಕೊಳ್ಳೋಕೆ ಒಪ್ಲಿಲ್ಲ ಕಣ್ರೀ ಅವ್ರು!"

"ಈಗ ಅವ್ರನ್ನ ಕೇಳೋದು ಬೇಡ, ನೀವು ಹೂಂ ಅನ್ನಿ ಸಾಕು," ಅಂದಳು ಜಯಶೀಲಕ್ಕ. "ನಿಮ್ಮ ಮಾವ ಈ ಬೀದೀಲಿ ಎಷ್ಟು ಕಡೆ ಸಂಸಾರ ಹೂಡಿದಾರೆ ಅಂತ ಗೊತ್ತಾ ನಿಮಗೆ?"

ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗಿನಿಂದ ಗಂಡನ ದನಿ ಬಂತು: "ನಗೋದಿರ್ಲಿ. ಅಪ್ಪನ ಹೆಸರು ಮುಂದಕ್ಕೆ ಹೋಗೋದು ಬೇಡ್ವಾ?"

ಎಲ್ಲ ಮನೆಯಲ್ಲೂ ಕಡೆಗೆ ಬಂದು ನಿಲ್ಲುತ್ತಿದ್ದ ಮಾತು ಇದೇ. ಇದಕ್ಕೆ ಉತ್ತರ ಹೇಳುವ ಕೆಲಸ ನನ್ನದಾಗಿತ್ತು. "ಹೆಸರು ಹೊತ್ತ ಮರಿ ಇದ್ರೆ ಒಂದನ್ನ ಇಟ್ಕೊಳ್ಳಿ ಅಣ್ಣ. ಇಲ್ದಿದ್ರೆ ಇರೋ ಒಂದನ್ನೇ ಚೆನ್ನಾಗಿ ನೋಡ್ಕೊಳ್ಳಿ. ಖಾಲಿ ಹೊಟ್ಟೇಲಿ ಹೆಸರು ಹೊತ್ಕೊಂಡು ಅವು ತಾನೇ ಏನು ಮಾಡ್ಬೇಕು?" ಎನ್ನುತ್ತಿದ್ದೆ. ಜನ ಬೋನಿನ ಹಿಂದೆ ಬಂದು ಕೂರುತ್ತಿದ್ದರು. ಹೇಳಲು ನನಗೇನೂ ಕಷ್ಟವಾಗುತ್ತಿರಲಿಲ್ಲ. ನನಗೆ ಯಾವ ಬೆಕ್ಕೂ ಇರಲಿಲ್ಲ.

ನನ್ನನ್ನು ಹೆತ್ತ ಕೂಡಲೇ ಅಮ್ಮ ಹೋಗಿದ್ದಳು. ಅವಳ ಹೆಸರಿನ ಬೆಕ್ಕು ನಾನಿನ್ನೂ ಸ್ಲೇಟು ಹಿಡಿಯುವ ಕಾಲಕ್ಕೆ, ಮರಿಯಿಲ್ಲದೆ, ಗಾಡಿಯ ಚಕ್ರಕ್ಕೆ ಸಿಕ್ಕಿ ಹೋಯಿತು. ಆಮೇಲೂ ಕೆಲವು ದಿನ ನಾನು ಬಾಗಿಲಲ್ಲಿ ನಿಂತು ಅಮ್ಮನ ಹೆಸರು ಕರೆದದ್ದುಂಟು. ಸಾಕಿದವಳು ಅಜ್ಜಿ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರು ಪಡವಲಕಾಯಿಯೊಳಗೆ ಮನೆ ಮಾಡಿಕೊಂಡಿರುತ್ತಿದ್ದರು. ಬಾವಿಗೆ ಬೇಸರವಾಗಿ ಅದು ಊರು ಬಿಟ್ಟು ನಡೆದುಬಿಡುತ್ತಿತ್ತು. ನಾನು ಹೂಂಗುಟ್ಟುವುದು ನಿಲ್ಲಿಸಿದರೆ ಅವಳ ಕಥೆಯೂ ಅಲ್ಲೇ ನಿಲ್ಲುತ್ತಿತ್ತು, ರಾಜಕುಮಾರಿ ಒಂದು ಕಾಲು ಎತ್ತಿದವಳು ಎತ್ತಿದ ಹಾಗೇ ನಿಂತಿರುತ್ತಿದ್ದಳು.

ಅಜ್ಜಿಯ ತಿಥಿಯ ಸಂಜೆ ನಾನು ಹಾಲಿಟ್ಟು "ಅಜ್ಜೀ" ಎಂದು ಕರೆದೆ. ಬೀದಿಯುದ್ದಕ್ಕೂ ಬೆಕ್ಕುಗಳು ತಲೆಯೆತ್ತಿ ನೋಡಿದವು, ಇದು ತಮಗಲ್ಲ ಎಂದು ಮತ್ತೆ ಮಲಗಿದವು. "ಭಾಗೀರಥೀ" ಎಂದು ಕರೆದೆ. ಒಂದೂ ಅಲುಗಲಿಲ್ಲ. ಭಾಗೀರಥಮ್ಮ ಎಂಬುದು ರೇಷನ್ ಕಾರ್ಡಿನಲ್ಲಿತ್ತು, ಅಷ್ಟೆ. ಅದನ್ನು ಯಾರೂ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿರಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು, ಕೆನೆಯ ಮೇಲೆ ಇರುವೆ ಬಂತು. ಪಕ್ಕದ ಮನೆಯವರು "ಯಾವ್ದೋ ದೂರದ ಬೆಕ್ಕಿರ್ಬೇಕು, ಬರ್ತಾಳೆ ಬಿಡು ಮಗಾ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬೆಕ್ಕು ಹಿಡಿಯಲು ಹೋದದ್ದು ಇದಕ್ಕೆ. ಯಾರೂ ಇಲ್ಲದ ಮನೆಗೆ ಬೀಗ ಹಾಕಿ ಊರಿನ ಎಲ್ಲ ಗಲ್ಲಿಗಳಿಗೂ ಹೋಗಬಹುದಿತ್ತು, ಎಲ್ಲ ಬೋನುಗಳ ಹಿಂದೆಯೂ ಕೂರಬಹುದಿತ್ತು. ಹೆಸರಿಲ್ಲದ ಬೆಕ್ಕು ಕಂಡಾಗಲೆಲ್ಲ ನಾನು ಮೆಲ್ಲಗೆ ಭಾಗೀ, ಭಾಗ್ಯಾ, ಅಜ್ಜಮ್ಮಾ ಎಂದು ಕರೆದು ನೋಡುತ್ತಿದ್ದೆ.

"ಏನೇ ಮಂದಾ, ಮಂತ್ರ ಹಾಕ್ತಿದೀಯಾ?" ಎನ್ನುತ್ತಿದ್ದಳು ಜಯಶೀಲಕ್ಕ. ನನ್ನ ಹೆಸರು ಮಂದಾಕಿನಿ. "ಹೆಸರಿಗೆ ತಕ್ಕ ಹಾಗೆ ಮಂದ ಆಗ್ಬೇಡ, ಬೋನಿನ ಬಾಗ್ಲು ನೋಡು." ಒಂದು ದಿನ ಮಾತ್ರ ಅವಳು ನಗಲಿಲ್ಲ. "ನಮ್ಮತ್ತೆಗೂ ಬೆಕ್ಕು ಬರ್ಲಿಲ್ಲ ಕಣೆ," ಅಂದಳು. "ಗಂಡಸರ ಹೆಸರಾದ್ರೆ ಸಂತೇಲಿ ನಿಂತು ಕೂಗಿರ್ತಾರೆ. ಹೆಂಗಸ್ರನ್ನ ಯಾರು ಏನಂತ ಕರೆದಿರ್ತಾರೋ, ಕರೆದವ್ರಿಗೇ ಗೊತ್ತು."

ಗುಂಡಿ ಕಾರ್ಖಾನೆಯ ಗಲ್ಲಿಯಲ್ಲಿ ಒಂದು ಬೆಕ್ಕಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಗುಂಡಿ ಕತ್ತರಿಸಿ ಉಳಿದ ಚಿಪ್ಪುಗಳ ರಾಶಿ ಮಾತ್ರ ಇನ್ನೂ ಬಿದ್ದಿದೆ, ದುಂಡನೆಯ ತೂತುಗಳ ಬಿಳೀ ಗುಡ್ಡೆ. ಅದರ ಮೇಲೆ ಈ ಬೆಕ್ಕು ಮಲಗುತ್ತಿತ್ತು. ಕಪ್ಪು, ಬಿಳಿ, ಕಾವಿ ಮೂರೂ ಬಣ್ಣದ್ದು. ಬೆನ್ನಮೂಳೆ ಹೊರಗೆ ಕಾಣುತ್ತಿತ್ತು, ಹೊಟ್ಟೆಯ ತೊಗಲು ಜೋತುಬಿದ್ದಿತ್ತು. ಸೂಲಿನ ಮೇಲೆ ಸೂಲು ಹೆತ್ತಿತ್ತು. ಈ ಸಲದ ಮರಿಗಳಲ್ಲೂ ಒಂದೂ ಉಳಿದಿರಲಿಲ್ಲ. ಗಲ್ಲಿಯವರು ಉಳಿದದ್ದು ಬಳಿದದ್ದು ಹಾಕುತ್ತಿದ್ದರು, ಆದರೆ ಅದು ಯಾರೆಂದು ಯಾರಿಗೂ ತಿಳಿಯದು. ಹೆಸರಿಲ್ಲದ ಬೆಕ್ಕಿಗೆ ಯಾರ ಒಪ್ಪಿಗೆಯೂ ಬೇಡ. ಕೆಲಸ ಸುಲಭ ಎಂದುಕೊಂಡೆವು. ಮೀನಿಗೆ ಬರಲಿಲ್ಲ, ಹಾಲಿಗೆ ಬರಲಿಲ್ಲ, ಗಲ್ಲಿಯವರು ನೆನಪಿಗೆ ಬಂದ ಸತ್ತವರನ್ನೆಲ್ಲ ಕರೆದರೂ ಬರಲಿಲ್ಲ. ನಾನು ನನ್ನ ಭಾಗೀ ಭಾಗ್ಯಾಗಳನ್ನೂ ಮುಗಿಸಿದೆ. ಅದು ಹಿಂಗಾಲು ನೆಕ್ಕಿಕೊಳ್ಳುತ್ತ ಕೂತಿತ್ತು.

ಆ ಬೆಳಗ್ಗೆ ಜಯಶೀಲಕ್ಕ ಚಹಾ ತರಲು ಗಲ್ಲಿಯ ಆಚೆಗೆ ಹೋಗಿದ್ದಳು. ಡಾಕ್ಟರ ಫೋನು ಬಂತು. ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ ಸಿಗ್ನಲ್ಲು ಸರಿಯಾಗಿ ಸಿಗುವುದಿಲ್ಲ. ನಾನು ಚಿಪ್ಪಿನ ರಾಶಿ ಹತ್ತಿ ಒಂದು ಕಿವಿ ಮುಚ್ಚಿಕೊಂಡು ಕೂಗಿದೆ: "ಹಲೋ ಡಾಕ್ಟ್ರೇ, ಇವತ್ತೂ ಸಿಗಲಿಲ್ಲ. ಹಲೋ... ಕೇಳಿಸ್ತಾ?"

ಬೆಕ್ಕು ನೆಕ್ಕುವುದನ್ನು ನಿಲ್ಲಿಸಿ ನೋಡಿತು.

"ಸಿಗಲಿಲ್ಲ ಅಂದೆ! ಕೇಳಿಸ್ತಾ? ಕೇಳಿಸ್ತಾ?"

ಅದು ಎದ್ದಿತು. ಚಿಪ್ಪುಗಳ ಮೇಲೆ ಕಿರಕಿರ ಸದ್ದು ಮಾಡುತ್ತ, ಒಲೆಯ ಮೇಲಿನದನ್ನು ಅರ್ಧಕ್ಕೆ ಬಿಟ್ಟು ಬಂದವರ ಹಾಗೆ ಅವಸರದಲ್ಲಿ ಬಂದು, ನನ್ನ ಕಾಲ ಬಳಿ ನಿಂತು, ಬಾಯಿ ತೆರೆಯದೆ "ಹ್ಞೂಂ" ಎಂದಿತು.

ಫೋನು ಕಿವಿಯಿಂದ ಇಳಿಯಿತು. ತಾತ ಬದುಕಿದ್ದಾಗ ಜಗಲಿಯ ಮೇಲೆ ಕೂತು ಮುರಿದ ಛತ್ರಿಗಳ ಕಡ್ಡಿ ಕಟ್ಟುತ್ತಿದ್ದ. ಏನಾದರೂ ಬೇಕಾದರೆ ತಲೆ ಎತ್ತದೆಯೇ ಒಳಕ್ಕೆ "ಕೇಳಿಸ್ತಾ?" ಎನ್ನುತ್ತಿದ್ದ. ಅಜ್ಜಿ ಒಳಗಿನಿಂದ "ಹ್ಞೂಂ" ಎನ್ನುತ್ತ ಬರುತ್ತಿದ್ದಳು. ಏನು ಕೇಳಿಸಬೇಕಿತ್ತೆಂದು ಅವನು ಯಾವತ್ತೂ ಹೇಳಿದವನಲ್ಲ. ನೀರೋ, ಎಲೆ ಅಡಿಕೆಯೋ, ಮಳೆ ಬಂತು ಬಟ್ಟೆ ತೆಗಿ ಎಂದೋ, ಅವಳಿಗೆ ಗೊತ್ತಾಗುತ್ತಿತ್ತು. ತಾತ ಹೋದಾಗ ನಾನು ಚಿಕ್ಕವಳು, ಅವನ ಹೆಸರಿನ ಬೆಕ್ಕೂ ಹೆಚ್ಚು ಕಾಲ ಉಳಿಯಲಿಲ್ಲ. ಅದು ಒಂದು ಹೆಸರು ಎಂದು ನನಗೆ ಹೊಳೆದಿರಲಿಲ್ಲ. ಅಜ್ಜಿಗೆ ಅದು ಬಿಟ್ಟು ಬೇರೆ ಹೆಸರಿರಲಿಲ್ಲ.

"ಕೇಳಿಸ್ತಾ?" ಎಂದೆ ಮತ್ತೊಮ್ಮೆ, ತಾತನಷ್ಟೇ ಮೆಲ್ಲಗೆ. ಅವಳು ತಲೆಯನ್ನು ನನ್ನ ಕಣಕಾಲಿಗೆ ಒತ್ತಿದಳು.

ಬೋನು ಪಕ್ಕದಲ್ಲೇ ಬಾಯಿ ತೆರೆದು ಕೂತಿತ್ತು. ನಾನು ಅವಳನ್ನು ಎತ್ತಿ ದುಪಟ್ಟದಲ್ಲಿ ಸುತ್ತಿಕೊಂಡು, ಚಹಾ ಬರುವ ಮೊದಲೇ ಹಿಂದಿನ ಸಂದಿಯಿಂದ ಮನೆಗೆ ನಡೆದುಬಿಟ್ಟೆ.

ಜ್ವರವೆಂದು ಅಂಗಡಿಗೆ ಹೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡು ಅವಳಿಗೆ ಅನ್ನ, ಮೊಟ್ಟೆ ಕಲಸಿ ಕೊಟ್ಟೆ. ಗೊತ್ತಿದ್ದ ಕಥೆಗಳನ್ನೆಲ್ಲ ಹೇಳಿದೆ. ನಡುನಡುವೆ "ಕೇಳಿಸ್ತಾ?" ಎಂದರೆ "ಹ್ಞೂಂ" ಎನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ನನ್ನ ಮಾತಿಗೆ ಬಂದ ಮೊದಲ ಉತ್ತರ ಅದು. ಕಿಟಕಿಯ ಆಚೆ ಮಾಡಿನ ಮೇಲೆ ಒಂದು ದಪ್ಪ ತಲೆಯ ಗಂಡು ಬೆಕ್ಕು ಬಂದು ಕೂಗತೊಡಗಿತು. ನಾನು ಅದನ್ನು ಓಡಿಸಬೇಕಿತ್ತು. ಒಂದು ಮರಿ ಸಾಕು, ಎಂದು ಯೋಚಿಸಿದೆ. ಒಂದೇ ಒಂದು ಮರಿ ಈ ಮಾತಿಗೆ ಓಗೊಟ್ಟು ಬಂದರೆ, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ. ಇಲ್ಲದಿದ್ದರೆ ಇವಳ ಜೊತೆಗೆ ಹೆಸರೂ ಮುಗಿದುಹೋಗುತ್ತದೆ. ಮುಗಿದ ಹೆಸರನ್ನು ಬಾಗಿಲಲ್ಲಿ ನಿಂತು ಕರೆಯುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಅವಳು ಕಿಟಕಿಯ ಕಡೆ ನೋಡದೆ ಬಾಗಿಲಿಗೆ ಮೂತಿ ಹಚ್ಚಿ ಕೂತಿದ್ದಳು. ನಾನು ಎದ್ದು ಕಿಟಕಿಯ ಚಿಲಕ ತೆಗೆದೆ.

ಅಷ್ಟರಲ್ಲಿ ಜಯಶೀಲಕ್ಕ ಬಾಗಿಲು ಬಡಿದಳು.

"ಜ್ವರ ಅಂತೆ ಜ್ವರ! ಮೂರು ಬಣ್ಣದ ಜ್ವರ!" ಎನ್ನುತ್ತಲೇ ಒಳಗೆ ಬಂದಳು. "ಸಂದಿಯಲ್ಲಿ ಹೂ ಕಟ್ಟೋಳು ನೋಡಿದಾಳೆ ನಿನ್ನ. ಏನೇ ಇದು?"

ನಾನು ಹೇಳಿದೆ. ಕರೆದು ತೋರಿಸಿದೆ. ಅವಳು ಬೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಅವಳ ಸಿಟ್ಟು ಇಳಿದಿತ್ತು. ಬೆಕ್ಕಿನ ಜೋತ ಹೊಟ್ಟೆಯನ್ನು ಅಂಗೈಯಲ್ಲಿ ಎತ್ತಿ ನೋಡಿ, "ಇನ್ನೊಂದು ಸಲ ಮರಿ ಹಾಕಿದ್ರೆ ಇದು ಉಳಿಯಲ್ಲ ಕಣೆ," ಅಂದಳು.

"ಒಂದೇ ಒಂದು ಸಲ ಅಕ್ಕ. ನಾನು ನೋಡ್ಕೋತೀನಿ. ಮೊಟ್ಟೆ ಹಾಕ್ತೀನಿ, ಹಾಲು ಹಾಕ್ತೀನಿ..."

"ಊರೋರಿಗೆಲ್ಲ ಬುದ್ಧಿ ಹೇಳ್ತಿದ್ದೋಳು ನೀನೇನಾ?"

"ಅವರಿಗೆಲ್ಲ ಮನೇಲಿ ಜನ ಇದಾರೆ ಅಕ್ಕ."

ಅವಳು ಬೆಕ್ಕಿನ ಹೊಟ್ಟೆಯನ್ನು ಮೆಲ್ಲಗೆ ಕೆಳಗೆ ಬಿಟ್ಟು ಕೇಳಿದಳು: "ನಿಮ್ಮಜ್ಜಿಗೆ ಎಷ್ಟು ಬಾಣಂತನ ಆಗಿತ್ತೇ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಕಥೆ. ಒಬ್ಬಳು ರಾಣಿ ಇದ್ದಳು, ಅವಳ ಮಕ್ಕಳು ಹುಟ್ಟಿದ ಕೂಡಲೇ ಚಂದ್ರನ ಮನೆಗೆ ಆಡಲು ಹೋಗಿಬಿಡುತ್ತಿದ್ದವು. ಒಂದಾದ ಮೇಲೆ ಒಂದು. ಕೊನೆಯ ಮಗಳೊಬ್ಬಳು ದಾರಿ ಗೊತ್ತಾಗದೆ ಇಲ್ಲೇ ಉಳಿದಳು. "ಆಮೇಲೆ ರಾಣಿ ಏನು ಮಾಡಿದ್ಲು?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. "ನಡು ನೋವು ಅಂತ ಗೋಡೆ ಕಡೆ ತಿರುಗಿ ಮಲಗಿದ್ಲು," ಎನ್ನುತ್ತಿದ್ದಳು ಅಜ್ಜಿ. ರಾಣಿಗೆ ಎಂಥ ನಡು ನೋವು ಎಂದು ನಾನು ನಗುತ್ತಿದ್ದೆ.

ಕಿಟಕಿಯಾಚೆ ಗಂಡು ಬೆಕ್ಕು ಕೂಗುತ್ತಿತ್ತು. ನಾನು ಕಿಟಕಿ ಹಾಕಿದೆ. ಬೋನು ಬೇಕಾಗಲಿಲ್ಲ. ಡಾಕ್ಟರ ಕೋಣೆಯ ದಾರಿಯುದ್ದಕ್ಕೂ ದುಪಟ್ಟದೊಳಗಿಂದ ಅವಳ ಎದೆ ನನ್ನ ಕೈಗೆ ಹೊಡೆದುಕೊಳ್ಳುತ್ತಿತ್ತು.

ಮತ್ತಿನಿಂದ ಎಬ್ಬಿಸಲು ಬೆಕ್ಕನ್ನು ಹೆಸರು ಹಿಡಿದು ಕರೆಯಬೇಕು. ಅದಕ್ಕೇ ಡಾಕ್ಟರು ಸೂಜಿ ಹಾಕುವ ಮೊದಲು ಕೇಳುತ್ತಾರೆ.

"ಹೆಸರಿದೆಯೇನಮ್ಮ ಇದಕ್ಕೆ?"

"ಇದೆ ಡಾಕ್ಟ್ರೇ. ನಾನೇ ಮನೆಯವಳು."

"ಏನು ಹೆಸರು?"

"ಕೇಳಿಸ್ತಾ."

"ಕೇಳಿಸ್ತಮ್ಮ, ನೀವೇ ಮನೆಯವರು. ಹೆಸರು ಹೇಳಿ."

"ಅದೇ ಡಾಕ್ಟ್ರೇ. ಕೇಳಿಸ್ತಾ."

ಡಾಕ್ಟರು ಜಯಶೀಲಕ್ಕನ ಮುಖ ನೋಡಿದರು. ಮೇಜಿನ ಮೇಲಿದ್ದ ಬೆಕ್ಕು ಆಗಲೇ ಎರಡು ಸಲ "ಹ್ಞೂಂ" ಎಂದಾಗಿತ್ತು. ಅವರು ಮತ್ತೇನೂ ಕೇಳದೆ, "ಒಪ್ಪಿಗೆ ಇದೆಯಾ?" ಎಂದರು. ಎಷ್ಟೋ ಮನೆಯವರ ಬಾಯಿಂದ ಹೊರಡಿಸಿದ ಆ ಒಂದು ಮಾತು ನನ್ನ ಬಾಯಿಂದ ಹೊರಡಲು ಹೊತ್ತು ಹಿಡಿಯಿತು. ಜಯಶೀಲಕ್ಕ ನನ್ನ ಕಡೆ ನೋಡದೆ ಗೋಡೆಯ ಸುಣ್ಣ ನೋಡುತ್ತ ನಿಂತಿದ್ದಳು. ನಾನು ಒಪ್ಪಿಗೆಯೆಂದೆ.

ಮಧ್ಯಾಹ್ನ ಅವಳನ್ನು ಎಬ್ಬಿಸಿದ್ದು ನಾನೇ. ನಾಲಗೆಯ ತುದಿ ಹಲ್ಲಿನಾಚೆ ಉಳಿದಿತ್ತು, ಕಣ್ಣು ಅರೆತೆರೆದಿದ್ದರೂ ನೋಟವಿರಲಿಲ್ಲ. ಎಡಗಿವಿ ಮೊಂಡಾಗಿತ್ತು. ಬಗ್ಗಿ ಆ ಕಿವಿಯಲ್ಲೇ ಕರೆದೆ. ಎಷ್ಟೋ ಸಲ ಕರೆದ ಮೇಲೆ, ಬಾವಿಯ ತಳದಿಂದೆಂಬಂತೆ, ಅವಳು ಓಗೊಟ್ಟಳು.

"ಎಲ್ಲಿಂದ ತಂದ್ರೋ ಅಲ್ಲೇ ಬಿಡಿ," ಅಂದರು ಡಾಕ್ಟರು. "ಅಲ್ಲಿ ಅದಕ್ಕೆ ಜಾಗ ಗೊತ್ತು. ನಿಮ್ಮನೇಲಿ ಬಾಗಿಲು ಕಾಯ್ತಾ ಕೂತಿತ್ತು ಅಂದ್ರಲ್ಲ. ಇನ್ನೊಂದು ವಿಷಯ, ಹೊಲಿಗೆ ಮಾಯೋವರೆಗೂ ಹೆಸರು ಹಿಡಿದು ಯಾರೂ ಕರೀಬಾರ್ದು. ಕರೆದ್ರೆ ಹಾರಿ ಬರ್ತವೆ, ಹೊಲಿಗೆ ಬಿಚ್ಚುತ್ತೆ."

ಬೇರೆ ಬೆಕ್ಕುಗಳಿಗೆ ಇದು ದೊಡ್ಡ ಮಾತಲ್ಲ. ಶೇಷಪ್ಪನ ಹೆಸರನ್ನು ಶೇಷಪ್ಪನ ಮನೆಯವರು ಬಿಟ್ಟರೆ ಯಾರು ಕರೆಯುತ್ತಾರೆ? ಗುಂಡಿ ಕಾರ್ಖಾನೆಯ ಗಲ್ಲಿಯಲ್ಲಿ ನಮಗೆ ಕಷ್ಟಕ್ಕಿಟ್ಟುಕೊಂಡಿತು. ಅವಳನ್ನು ಚಿಪ್ಪಿನ ರಾಶಿಯ ನೆರಳಿನಲ್ಲಿ ಗೋಣಿಯ ಮೇಲೆ ಮಲಗಿಸಿ ನಾವಿಬ್ಬರೂ ಮನೆಮನೆಗೆ ಹೋದೆವು.

"ಸ್ವಲ್ಪ ದಿನ ಒಂದು ಮಾತು ಆಡ್ಬೇಡಿ ಮಾರಾಯ್ರೇ," ಅಂದಳು ಜಯಶೀಲಕ್ಕ ಹಿಟ್ಟಿನ ಗಿರಣಿಯ ನಂಜುಂಡಯ್ಯನವರಿಗೆ.

"ಯಾವ ಮಾತು?"

ಜಯಶೀಲಕ್ಕ ಗೋಣಿಯ ಕಡೆ ನೋಡಿದಳು. ಹೇಳುವ ಹಾಗಿರಲಿಲ್ಲ. ಕಿವಿಗೆ ಕೈ ಹಿಡಿದು ತೋರಿಸಿದಳು.

"ಕಿವಿ ನೋವಾ?"

"ಅಲ್ಲ. ಫೋನಲ್ಲಿ ಹಲೋ ಹಲೋ ಅಂದ್ಮೇಲೆ ಏನಂತೀರಿ?"

"ಯಾರು ಮಾತಾಡೋದು ಅಂತೀನಿ."

"ಅಯ್ಯೋ, ಅದಾದ್ಮೇಲೆ! ಆ ಕಡೆಯೋರು ಸುಮ್ನಿದ್ರೆ?"

"ಓ! ಕೇಳಿ—" ಎನ್ನುವಷ್ಟರಲ್ಲಿ ಜಯಶೀಲಕ್ಕ ಹಿರಿಯರೆಂದೂ ನೋಡದೆ ಅವರ ಬಾಯಿಗೆ ಕೈ ಒತ್ತಿದಳು. ಅವರ ಮೀಸೆಯ ಹಿಟ್ಟು ಅವಳ ಅಂಗೈಗೆ ಹತ್ತಿತು. ಗಲ್ಲಿಯವರೆಲ್ಲ ನಕ್ಕರು. ನನಗೂ ನಗು ಬಂತು. ಫೋನು ಬಂದಾಗಲೆಲ್ಲ ಈ ಬೆಕ್ಕು ಗಿರಣಿಯ ಬಾಗಿಲಿಗೆ ಏಕೆ ಓಡಿ ಬರುತ್ತಿತ್ತೆಂದು ನಂಜುಂಡಯ್ಯನವರಿಗೆ ಆಗ ತಿಳಿಯಿತು. ಯಾರ ಬೆಕ್ಕೆಂದು ಅವರು ಕೇಳಿದಾಗ, "ನಮ್ಮಜ್ಜಿ," ಎಂದೆ. ಊರಿನಲ್ಲಿ ಯಾರ ಮುಂದಾದರೂ ಹಾಗೆ ಹೇಳಿದ್ದು ಅದೇ ಮೊದಲು.

ಈಗ ಅಂಗಡಿ ಬಿಟ್ಟ ಮೇಲೆ ನಾನು ಆ ಗಲ್ಲಿಗೆ ಹೋಗಿ ಎದುರಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಜಯಶೀಲಕ್ಕ ನನ್ನ ಜೊತೆ ಬರುವುದಿಲ್ಲ. ಅವಳು ಬೀಡಾ ಅಂಗಡಿಯ ಹಿಂದಿನ ಹೆಸರಿಲ್ಲದ ಬೆಕ್ಕುಗಳ ಮುಂದೆ ನಿಂತು, ತನ್ನ ಮಾವ ಅತ್ತೆಯನ್ನು ಏನೇನೆಂದು ಕರೆಯುತ್ತಿದ್ದನೆಂದು ನೆನಪು ಮಾಡಿಕೊಳ್ಳುತ್ತ, ಏ ಇವಳೇ, ಏ ಯಾರಲ್ಲಿ, ಎಂದು ಕೂಗುತ್ತಿರುತ್ತಾಳೆ. ನಾನು ಕೂತಲ್ಲಿಂದ ಅಜ್ಜಿಯ ಬೆನ್ನು ಕಾಣುತ್ತದೆ. ಅವಳು ನನ್ನನ್ನು ನೋಡಿದರೂ ಗುರುತು ಹಿಡಿದಂತೆ ಕಾಣುವುದಿಲ್ಲ. ಕರೆಯುವವರೆಗೆ ಅವಳು ಯಾರ ಅಜ್ಜಿಯೂ ಅಲ್ಲ. ಕರೆಯಲು ನಾನಿನ್ನೂ ಕಾಯಬೇಕು. ಹೊಲಿಗೆ ಮಾಯುತ್ತದೆ, ಮೈ ತುಂಬಿಕೊಳ್ಳುತ್ತಾಳೆ, ಕೆಲವು ಮಳೆಗಾಲ ನನ್ನ ಮಾತಿಗೆ ಎದ್ದು ಬರುತ್ತಾಳೆ. ಆಮೇಲೆ ಒಂದು ದಿನ ಬರುವುದಿಲ್ಲ. ಆಗಲೂ ಊರವರು ಫೋನಿನಲ್ಲಿ, ಜಗಲಿಯಲ್ಲಿ, ಅಡುಗೆಮನೆಗೆ ಬಗ್ಗಿ, ದಿನವಿಡೀ ಆ ಮಾತು ಆಡುತ್ತಲೇ ಇರುತ್ತಾರೆ. ಯಾವ ಗೋಡೆಯಿಂದಲೂ ಯಾರೂ ಇಳಿದು ಬರುವುದಿಲ್ಲ.

ನಿನ್ನೆ ಸಂಜೆ ಗಿರಣಿಯೊಳಗೆ ನಂಜುಂಡಯ್ಯನವರ ಫೋನು ಬಡಿದುಕೊಂಡಿತು. "ಹಲೋ," ಎಂದರು. "ಹಲೋ, ಯಾರು ಮಾತಾಡೋದು?" ಎಂದರು. ಆ ಕಡೆಯಿಂದ ಉತ್ತರ ಬಂದಂತಿರಲಿಲ್ಲ. ಅವರು ಬಾಯಿ ತೆರೆದವರು ಗೋಣಿಯ ಕಡೆ ನೋಡಿ ಮುಚ್ಚಿಕೊಂಡರು. ಗಿರಣಿ ಇಳಿದು, ಫೋನನ್ನು ಎದೆಗೊತ್ತಿಕೊಂಡು, ಚಪ್ಪಲಿಯ ಸದ್ದಾಗದ ಹಾಗೆ ಗಲ್ಲಿಯುದ್ದಕ್ಕೂ ನಡೆದು, ತಿರುವು ದಾಟಿ, ದೊಡ್ಡ ರಸ್ತೆಗೆ ಹೋದರು. ಅಲ್ಲಿಂದ ಅವರು ಕೂಗಿ ಕೇಳಿದ್ದು ನಮ್ಮವರೆಗೆ ಒಂದು ಎಳೆಯಷ್ಟೇ ಬಂತು. ಅಜ್ಜಿಯ ಮೊಂಡು ಕಿವಿ ಆ ಕಡೆಗೆ ಹೊರಳಿತು, ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಅವಳು ಗೋಡೆಯ ಕಡೆಗೆ ತಿರುಗಿ, ನಡು ಚಾಚಿಕೊಂಡು ಮಲಗಿದಳು.